ಮಗಳಿಗೆ ಮಾತು ಬಂತು, ಅಪ್ಪನ ಮಾನ ಹೋಯಿತು

ತಲೆ ತಗ್ಗಿಸುವಂಥ ಪ್ರಸಂಗ ಬೇರೆಯವರಿಗೆ ವರ್ಷಕ್ಕೊಂದೋ ಎರಡೋ ಬರುತ್ತದಂತೆ. ಮಗಳಿಗೆ ಮನೆಯಲ್ಲೇ ಮಾತು ಕಲಿಸಲು ಹೊರಟ ಮೇಲೆ ನನಗೆ ಅದು ವಾರಕ್ಕೊಂದರಂತೆ ಬರತೊಡಗಿತು. ಈಗಲೂ ನಿಂತಿಲ್ಲ. ಕೆಲವನ್ನು ಮರೆಯೋಣವೆಂದರೆ ಹಟ್ಟಿಯವರು ಬಿಡುವುದಿಲ್ಲ. ಅವರು ಬಣ್ಣ ಕಟ್ಟಿ ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು.

ಮೊದಲು ನನ್ನ ವಿಷಯ. ಕೂನೂರಿನ ಹತ್ತಿರ ಒಂದು ಟೀ ಫ್ಯಾಕ್ಟರಿಯಲ್ಲಿ ಚಹಾದ ರುಚಿ ನೋಡುವುದು ನನ್ನ ಕೆಲಸ. ಬೆಳಿಗ್ಗೆ ಉದ್ದನೆಯ ಮೇಜಿನ ಮೇಲೆ ಸಾಲಾಗಿ ಬಟ್ಟಲುಗಳನ್ನು ಇಡುತ್ತಾರೆ. ಒಂದೊಂದರಿಂದಲೂ ಒಂದು ಚಮಚ ತೆಗೆದು, ಸೊರ್ ಎಂದು ಎಳೆದು, ಬಾಯೊಳಗೆ ತಿರುಗಿಸಿ, ಪಕ್ಕದ ಡಬ್ಬಕ್ಕೆ ಉಗಿದು, ಒಂದೇ ಒಂದು ಮಾತು ಹೇಳುತ್ತೇನೆ. "ಸಪ್ಪೆ." "ಹೊಗೆ." "ಆಗಬಹುದು." ಹದಿನಾಲ್ಕು ವರ್ಷ ಹೀಗೆ ಒಂದೊಂದೇ ಪದದಲ್ಲಿ ಹೊಟ್ಟೆ ಹೊರೆದವನಿಗೆ ಮನೆಯಲ್ಲೂ ಅದೇ ಅಭ್ಯಾಸ. ಮದುವೆಯಾದ ಹೊಸತರಲ್ಲಿ ಹೆಂಡತಿ ಹೊಸ ಸೀರೆ ಉಟ್ಟು ಬಂದು "ಹೇಗಿದೆ?" ಎಂದಾಗ, ಒಂದು ಹೆಜ್ಜೆ ಹಿಂದೆ ಸರಿದು ನೋಡಿ, "ಆಗಬಹುದು" ಎಂದವನು ನಾನು.

ನಮ್ಮ ಮನೆಮಾತು ನೀಲಗಿರಿಯ ಬಡಗ; ಊರಿಗೆ ಹಟ್ಟಿ ಎನ್ನುತ್ತೇವೆ. ಪೇಟೆಗೆ ಇಳಿದರೆ ತಮಿಳು. ಓದುವವರಿಗೆ ತೊಡಕಾಗದಿರಲೆಂದು ಎಲ್ಲರ ಬಾಯಲ್ಲೂ ಕನ್ನಡ ಹಾಕಿದ್ದೇನೆ.

ಹೆಬ್ಬೆರಳು

ಮಗಳಿಗೆ ಎರಡು ವರ್ಷ ತುಂಬಿದರೂ ಮಾತು ಬರಲಿಲ್ಲ. ಬೇಕಾದ್ದಕ್ಕೆ ಕೈ ತೋರಿಸುತ್ತಿದ್ದಳು, ಬೇಡವಾದ್ದಕ್ಕೆ ಕಿರುಚುತ್ತಿದ್ದಳು. ಪಕ್ಕದ ಮನೆಯೇ ನನ್ನ ಅಕ್ಕನದು. ಅವಳ ಮೊಮ್ಮಗಳು ಅದೇ ವಯಸ್ಸಿಗೆ ಹಟ್ಟಿಯ ಎಲ್ಲರ ಹೆಸರು ಹೇಳಿ ಕರೆಯುತ್ತಿದ್ದಳು. ಹೆಂಡತಿ ಚಿಂತೆ ಮಾಡಿದಾಗ ನಾನು "ಬರುತ್ತೆ" ಎಂದೆ. ಆರು ತಿಂಗಳು ಬಿಟ್ಟು ಕೇಳಿದಾಗಲೂ "ಬರುತ್ತೆ" ಎಂದೆ. ಒಂದು ದಿನ ಅವಳು ಒಗೆದ ಬಟ್ಟೆ ಹರವುತ್ತಾ, ಯಾರಿಗೂ ಕಾಣದಂತೆ ಹಗ್ಗದ ಮೇಲಿನ ಕಂಬಳಿಗೆ ಮುಖ ಒತ್ತಿ ಅಳುತ್ತಿದ್ದುದನ್ನು ಕಂಡೆ. ಮರುದಿನವೇ ಮಗಳನ್ನು ಎತ್ತಿಕೊಂಡು ಕೂನೂರಿಗೆ ಹೊರಟೆವು.

ಕಿವಿಯ ಪರೀಕ್ಷೆ ಆಯಿತು. ಕಿವಿ ಚೆನ್ನಾಗಿದೆ ಎಂದರು. ಆಮೇಲೆ ಮಕ್ಕಳಿಗೆ ಮಾತಿನ ಥೆರಪಿ ಕೊಡುವ ಮೇಡಂ ಹತ್ತಿರ ಕಳಿಸಿದರು. ಕೊಯಮತ್ತೂರಿನ ಕಡೆಯ ಚಿಕ್ಕ ವಯಸ್ಸಿನ ಹೆಂಗಸು. ಚಳಿ ತಡೆಯದೆ ಎರಡು ಸ್ವೆಟರ್ ಹಾಕಿದ್ದರು. ಪ್ರಶ್ನೆ ಮಾತ್ರ ಬಿಸಿ ಬಿಸಿ.

"ಮಗು ಹತ್ತಿರ ಮಾತಾಡ್ತೀರಾ ಸಾರ್?"

"ಬೇಕಾದಷ್ಟು," ಎಂದೆ.

"ಇವತ್ತು ಬೆಳಿಗ್ಗೆಯಿಂದ ಏನೇನು ಮಾತಾಡಿದಿರಿ?"

ನೆನಪು ಮಾಡಿಕೊಂಡೆ. "'ಬಾ' ಅಂದೆ."

"ಆಮೇಲೆ?"

ಇನ್ನೂ ಸ್ವಲ್ಪ ಯೋಚಿಸಿ, "'ಬೇಡ' ಅಂದೆ," ಎಂದೆ.

ಮೇಡಂ ಬರೆದುಕೊಂಡರು. "ಫೋನ್ ಕೊಡ್ತೀರಾ?"

ಇಲ್ಲಿಯಾದರೂ ಮಾನ ಉಳಿಸಿಕೊಳ್ಳೋಣವೆಂದು, "ಇಲ್ಲವೇ ಇಲ್ಲ. ನಮ್ಮ ಮನೆಯಲ್ಲಿ ಅದಕ್ಕೆಲ್ಲ ಜಾಗವಿಲ್ಲ," ಎಂದೆ. ನನ್ನ ಹೆಂಡತಿ ಕಿಟಕಿಯ ಹೊರಗೆ ನೋಡತೊಡಗಿದಳು.

ಮಗಳ ಕೈಗೆ ಮೇಡಂ ಒಂದು ಚಿತ್ರದ ಪುಸ್ತಕ ಕೊಟ್ಟಿದ್ದರು. ಅವಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಆನೆಯ ಚಿತ್ರವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದಳು. ಆನೆ ಸರಿಯಲಿಲ್ಲ. ಇನ್ನೊಮ್ಮೆ ಸರಿಸಿದಳು. ಆಮೇಲೆ ಎದ್ದು ನನ್ನ ಹತ್ತಿರ ಬಂದು, ನನ್ನ ಕೈ ಹಿಡಿದು, ಐದು ಬೆರಳಿನಲ್ಲಿ ಹೆಬ್ಬೆರಳನ್ನೇ ಆರಿಸಿ, ಪುಸ್ತಕದ ಕೆಳಗಡೆ ಒತ್ತಿ ಹಿಡಿದಳು. ಏನೂ ಆಗಲಿಲ್ಲ. ಹೆಬ್ಬೆರಳನ್ನು ತನ್ನ ಫ್ರಾಕಿಗೆ ಚೆನ್ನಾಗಿ ಒರೆಸಿ ಮತ್ತೆ ಒತ್ತಿದಳು.

ಮೇಡಂ ಪೆನ್ನು ಕೆಳಗಿಟ್ಟರು. "ಬೆವರಿರಬೇಕು ಸಾರ್," ಎಂದರು. "ಇನ್ನೊಂದು ಹೆಬ್ಬೆರಳು ಕೊಟ್ಟು ನೋಡಿ."

ಯಾರ ಅಪ್ಪ?

ಮೇಡಂ ಹೇಳಿಕೊಟ್ಟ ಮೊದಲ ಪಾಠ ಸುಲಭದ್ದು. ಮನೆಯಲ್ಲಿ ಏನು ಮಾಡಿದರೂ ಅದನ್ನು ಮಗುವಿಗೆ ಬಾಯಿಬಿಟ್ಟು ಹೇಳುತ್ತಾ ಮಾಡಬೇಕು. ಚಿಕ್ಕ ಚಿಕ್ಕ ಮಾತು, ನಿಧಾನವಾಗಿ.

ನನಗೆ ಅದಕ್ಕಿಂತ ಗುಡ್ಡ ಅಗೆಯುವುದು ಸುಲಭವಾಗಿತ್ತು. ಮೊದಲ ದಿನ ಬಚ್ಚಲ ಬಾಗಿಲಲ್ಲಿ ಮಗಳನ್ನು ಕೂರಿಸಿಕೊಂಡು, "ಅಪ್ಪ ನೀರು ತಗೋತಾನೆ. ಅಪ್ಪ ಮುಖ ತೊಳೀತಾನೆ. ಅಯ್ಯೋ, ಚಳಿ!" ಎಂದೆ. ಒಳಗಿದ್ದ ನನ್ನ ತಾಯಿ ಓಡಿ ಬಂದರು. ನನ್ನ ಹಣೆ ಮುಟ್ಟಿ ನೋಡಿ, ಹೆಂಡತಿಗೆ, "ಜ್ವರ ಇಲ್ಲ," ಎಂದರು.

ಮೂರು ವಾರದಲ್ಲಿ ನಾಲಿಗೆ ಪಳಗಿತು. ಎಷ್ಟು ಪಳಗಿತೆಂದರೆ, ಬಿಡಿಸಿಕೊಳ್ಳಲು ಆಗದಷ್ಟು.

ಒಂದು ಬೆಳಿಗ್ಗೆ ಈರೋಡಿನಿಂದ ದೊಡ್ಡ ವ್ಯಾಪಾರಿಯೊಬ್ಬರು ಮಾಲು ನೋಡಲು ಫ್ಯಾಕ್ಟರಿಗೆ ಬಂದಿದ್ದರು. ನಮ್ಮ ಓನರ್ ಅವರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ರುಚಿ ನೋಡುವ ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳಬೇಕು, ಅಷ್ಟು ಶಿಸ್ತು. ನಾನು ಮೇಜಿನ ಮುಂದೆ ಬಂದು ನಿಂತು, ಮಗಳಿಗೆ ಹೇಳುವ ಅದೇ ರಾಗದಲ್ಲಿ, "ಅಪ್ಪ ಚಮಚ ತಗೋತಾನೆ," ಎಂದೆ.

ನನ್ನ ಕಿವಿಗೆ ಅದು ಬೀಳಲೇ ಇಲ್ಲ. ಸೊರ್ ಎಂದು ಎಳೆದೆ. ಉಗಿದೆ. "ಅಪ್ಪ ಉಗಿದ! ಎಲ್ಲಿ ಉಗಿದ? ಡಬ್ಬದಲ್ಲಿ ಉಗಿದ!" ಎಂದೆ.

ವ್ಯಾಪಾರಿ ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲ ಕಡೆ ನೋಡಿದರು. "ಯಾರ ಅಪ್ಪ?" ಎಂದು ಓನರ್‌ಗೆ ಪಿಸುಗುಟ್ಟಿದರು.

ಆಗ ನನಗೆ ಪ್ರಜ್ಞೆ ಬಂತು. ಕಿವಿ ಸುಡತೊಡಗಿತು. ಚಮಚ ಹಿಡಿದ ಕೈ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಆದರೆ ನಮ್ಮ ಓನರ್ ಮೂವತ್ತು ವರ್ಷ ವ್ಯಾಪಾರ ಮಾಡಿದವರು. ಮುಖದ ಒಂದು ಗೆರೆಯನ್ನೂ ಅಲ್ಲಾಡಿಸದೆ ನನ್ನ ಕಡೆ ತಿರುಗಿ ಕೇಳಿದರು:

"ಈ ಮಾಲು ಅಪ್ಪನಿಗೆ ಹಿಡಿಸಿತಾ?"

ಮೊದಲ ಮಾತು

ಎರಡನೆಯ ಪಾಠ: ಮಗು ಕೇಳುವ ಮೊದಲೇ ಎಲ್ಲವನ್ನೂ ಕೈಗೆ ತುರುಕಬೇಡಿ. ಬೇಕಾದ ವಸ್ತುವನ್ನು ಕಣ್ಣಿಗೆ ಕಾಣುವಂತೆ ಹಿಡಿದು, ಹೆಸರು ಹೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಡುವೆ ಏನಾದರೂ ಸದ್ದು ಮಾಡಿದರೆ ತಕ್ಷಣ ಕೊಟ್ಟುಬಿಡಿ.

ಒಂದು ಭಾನುವಾರ ವರ್ಕಿ ತಂದಿದ್ದೆ. ಅದು ನಮ್ಮ ಕಡೆಯ ಪದರ ಪದರದ ಬಿಸ್ಕತ್ತು, ಮಗಳಿಗೆ ಪ್ರಾಣ. ಒಂದನ್ನು ಎತ್ತಿ ಹಿಡಿದು, "ವರ್ಕಿ," ಎಂದು ಹೇಳಿ ಎಣಿಸಲು ಶುರು ಮಾಡಿದೆ. ಮಗಳು ಕೈ ಚಾಚಿದಳು. ಮೂರು, ನಾಲ್ಕು. ತುದಿಗಾಲಲ್ಲಿ ನಿಂತಳು. ಐದು. ತುಟಿ ನಡುಗಿತು. ಆರು. ಕಣ್ಣೀರು ಇಳಿಯಿತು. ಅತ್ತರೆ ಕೊಡಬೇಕೋ ಬೇಡವೋ ಎಂದು ಮೇಡಂ ಹೇಳಿರಲಿಲ್ಲ. ಎಣಿಸುತ್ತಲೇ ಹೋದೆ.

ಏಳಕ್ಕೆ ಸರಿಯಾಗಿ ಅಕ್ಕ ಒಳಗೆ ಬಂದಳು. ಅವಳಿಗೆ ಕಂಡದ್ದು ಇಷ್ಟು: ಎರಡೂ ಕೈ ಚಾಚಿ ಅಳುತ್ತಿರುವ ಕೂಸು, ಬಿಸ್ಕತ್ತನ್ನು ಮೇಲೆತ್ತಿ ಹಿಡಿದು ಕಣ್ಣು ಮಿಟುಕಿಸದೆ ನೋಡುತ್ತಿರುವ ಅಪ್ಪ.

"ಏಯ್, ಲೂಸಾ ನೀನು? ಹಸಿದ ಮಗೂಗೆ ತಿಂಡಿ ತೋರಿಸಿ ಮಜಾ ನೋಡ್ತೀಯಾ?"

ನಾನು ಆಗ ಎಂಟರಲ್ಲಿದ್ದೆ.

ಮಗಳು ಅಳು ನಿಲ್ಲಿಸಿದಳು. ಅತ್ತೆಯನ್ನು ನೋಡಿದಳು. ನನ್ನನ್ನು ನೋಡಿದಳು. ಗಂಟಲು ಸರಿಮಾಡಿಕೊಂಡಂತೆ ಮಾಡಿ, ನನ್ನ ಮುಖಕ್ಕೇ, ಸ್ಪಷ್ಟವಾಗಿ, "ಲೂಸು," ಎಂದಳು.

ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ತಾಯಿ ಬಾಗಿಲು ಹಿಡಿದು ನಿಂತರು. ಅದು ನಮ್ಮ ಮಗಳ ಮೊದಲ ಮಾತು. ನಾನು ವರ್ಕಿ ಕೊಟ್ಟೆ. ಹೆಂಡತಿ ಅತ್ತಳು, ಅಕ್ಕ ಅತ್ತಳು, ನನ್ನ ಕಣ್ಣಲ್ಲೂ ನೀರು. ಲೂಸು ಅನ್ನಿಸಿಕೊಂಡು ಆನಂದದಿಂದ ಅತ್ತ ಗಂಡಸು ಈ ಬೆಟ್ಟಗಳಲ್ಲಿ ನಾನೊಬ್ಬನೇ ಇರಬೇಕು.

ತೊಂದರೆ ಶುರುವಾದದ್ದು ಆಮೇಲೆ. ಆ ಮಾತು ಆಡಿದರೆ ವರ್ಕಿ ಸಿಗುತ್ತದೆ ಎಂದು ಮಗಳು ಅರ್ಥ ಮಾಡಿಕೊಂಡಳು. ಕರೆಂಟ್ ಮೀಟರ್ ನೋಡಲು ಬಂದವನಿಗೆ ಹೇಳಿದಳು. ಹಾಲಿನವನಿಗೆ ಹೇಳಿದಳು. ಕೊನೆಗೆ ಹಟ್ಟಿಯ ಹಿರಿಯರು ಒಂದು ಮದುವೆಗೆ ಕರೆಯಲು ಮನೆಗೆ ಬಂದು, ಬಿಳಿ ಶಾಲು ಹೊದ್ದು ಗಂಭೀರವಾಗಿ ಕುಳಿತಾಗ, ಎದುರಿಗೆ ಹೋಗಿ ನಿಂತು, "ಲೂಸು," ಎಂದು ಕೈಯೊಡ್ಡಿದಳು.

ವರ್ಕಿ ಕೊಡದಿದ್ದರೆ ಬಂದ ಮಾತು ನಿಂತೀತು. ಕೊಟ್ಟರೆ ನಾನೂ ಹೌದು ಎಂದಂತಾಗುತ್ತದೆ. ಎರಡು ತೆಗೆದೆ. ಒಂದು ಅವಳಿಗೆ ಕೊಟ್ಟೆ, ಒಂದು ಅವರಿಗೆ.

ಒಂದು ಪದ ಸೇರಿಸಿ

ಪದಗಳು ಒಂದೊಂದಾಗಿ ಬರತೊಡಗಿದವು. ಈಗ ಮೇಡಂ ಮುಂದಿನ ಪಾಠ ಕೊಟ್ಟರು. ಮಗು ಒಂದು ಪದ ಹೇಳಿದರೆ ನೀವು ಅದಕ್ಕೆ ಇನ್ನೊಂದು ಪದ ಸೇರಿಸಿ ಹೇಳಿ. ಅವಳ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು, ಮುಖಕ್ಕೆ ಮುಖ ಕೊಟ್ಟು ಮಾತಾಡಿ. ಅತ್ತ ಇತ್ತ ನೋಡಬೇಡಿ.

ಸಂಜೆ ಮನೆಯ ಹಿಂದಿನ ಟೀ ತೋಟದ ಅಂಚಿನಲ್ಲಿ ಹಾಗೆಯೇ ಕೂತಿದ್ದೆ. ತೋಟಕ್ಕೆ ಬೆನ್ನು, ಮಗಳಿಗೆ ಮುಖ.

ಅವಳು ನನ್ನ ಭುಜದ ಮೇಲಿನಿಂದ ಕೈ ತೋರಿಸಿ, "ಎಮ್ಮೆ," ಎಂದಳು.

"ಹೌದು! ಕಪ್ಪು ಎಮ್ಮೆ," ಎಂದೆ. ಅಕ್ಕನ ಮನೆಯ ಎಮ್ಮೆ ಮೇದು ಹಿಂತಿರುಗುವ ಹೊತ್ತು.

"ಎಮ್ಮೆ ಬಂತು."

ಎರಡು ಪದ! ಇದುವರೆಗೆ ಹೇಳಿದವಳಲ್ಲ. "ಹೌದು! ದೊಡ್ಡ ಎಮ್ಮೆ ಬಂತು!"

ಅಕ್ಕ ಅವಳ ಅಂಗಳದಿಂದ ಏನೋ ಕೂಗಿದಳು. ನಾನು ಕೈ ಎತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದೆ. ಅಕ್ಕನ ಗಂಡ ತಗಡಿನ ಡಬ್ಬ ಬಡಿಯತೊಡಗಿದ. ಈ ಜನಕ್ಕೆ ಮಗುವಿನ ಶಿಕ್ಷಣದ ಬಗ್ಗೆ ಸ್ವಲ್ಪವೂ ತಿಳಿವಳಿಕೆ ಇಲ್ಲವಲ್ಲ ಎಂದು ಬೇಸರವಾಯಿತು.

"ದೊಡ್ಡ ಎಮ್ಮೆ ಬಂತು," ಎಂದಳು ಮಗಳು.

ಮೂರು ಪದ! "ಶಭಾಷ್! ದೊಡ್ಡ ಕಪ್ಪು ಎಮ್ಮೆ ಹತ್ತಿರ ಬಂತು!" ಎಂದೆ. ಆಗ ನನ್ನ ಕುತ್ತಿಗೆಯ ಹಿಂದೆ ಬಿಸಿ ಉಸಿರು ಬುಸ್ ಎಂದು ಬಿತ್ತು.

ಅದು ಅಕ್ಕನ ಎಮ್ಮೆಯಾಗಿರಲಿಲ್ಲ. ಕಾಡೆಮ್ಮೆ. ಸಂಜೆಯಾದರೆ ನಮ್ಮ ಟೀ ತೋಟಗಳಿಗೆ ಇಳಿದು ಬರುತ್ತವೆ. ಎತ್ತರ ನನಗಿಂತ ಹೆಚ್ಚು, ಕೊಂಬು ನನ್ನ ತೋಳಿನಷ್ಟು ದಪ್ಪ. ನಾನು ಕಿರುಚಿದ್ದು ನನಗೆ ನೆನಪಿಲ್ಲ, ಆದರೆ ಕೆಳಗಿನ ಬಸ್‌ಸ್ಟಾಪಿನಲ್ಲಿದ್ದವರಿಗೆ ಕೇಳಿಸಿತಂತೆ. ಮಗಳನ್ನು ಹೆಗಲಿಗೆ ಎಸೆದುಕೊಂಡು ಓಡಿದೆ. ಎರಡೂ ಚಪ್ಪಲಿ ಅಲ್ಲೇ ಉಳಿದವು. ಕಾಡೆಮ್ಮೆ ಒಂದು ಹೆಜ್ಜೆಯೂ ಅಟ್ಟಿಸಿಕೊಂಡು ಬರಲಿಲ್ಲ. ಆದರೂ ನಾನು ಅಕ್ಕನ ಮನೆಯ ಅಡಿಗೆ ಕೋಣೆಯವರೆಗೆ ನಿಲ್ಲಲಿಲ್ಲ. ನನ್ನ ಹೆಗಲ ಮೇಲೆ ಹಿಂದಕ್ಕೆ ಮುಖ ಮಾಡಿದ್ದ ಮಗಳು ದಾರಿಯುದ್ದಕ್ಕೂ ಸುದ್ದಿ ಕೊಡುತ್ತಿದ್ದಳು: "ದೊಡ್ಡ ಎಮ್ಮೆ ಅಪ್ಪನ ಚಪ್ಪಲಿ ಮೂಸ್ತು!"

ಎಂದಿನಂತೆ ಶನಿವಾರ ಮೇಡಂ ಹತ್ತಿರ ಹೋದಾಗ ಹೆಂಡತಿ ಆ ಮಾತನ್ನು ಹಾಗೇ ಒಪ್ಪಿಸಿದಳು. ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು.

"ಐದು ಪದದ ವಾಕ್ಯ! ಒಂದೇ ವಾರದಲ್ಲಿ! ಏನು ಮಾಡಿದಿರಿ ಸಾರ್? ಬೇರೆ ತಂದೆತಾಯಿಗೂ ಹೇಳ್ತೀನಿ."

ಲಿಕ್ಕರ್

ಮೂರೂವರೆಗೆ ಮಗಳನ್ನು ಪೇಟೆಯ ಒಂದು ಚಿಕ್ಕ ಮಕ್ಕಳ ಶಾಲೆಗೆ ಸೇರಿಸಿದೆವು. ಈ ಹೊತ್ತಿಗೆ ಅವಳ ಬಾಯಿಗೆ ಬೀಗವೇ ಇರಲಿಲ್ಲ. ನಾನು ಹೆಮ್ಮೆಯಿಂದ ಬೀಗುತ್ತಿದ್ದೆ. ಒಂದು ದಿನ ಕರೆದುಕೊಂಡು ಬರಲು ಹೋದಾಗ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ತುಂಬ ಮೆತ್ತಗೆ ಮಾತಾಡಿದರು.

"ಸಾರ್, ತಪ್ಪು ತಿಳಿಯಬೇಡಿ. ಮಗು ಒಂದು ವಿಷಯ ಹೇಳ್ತಾ ಇದೆ. ನೀವು ದಿನಾ ಬೆಳಿಗ್ಗೆ ಲಿಕ್ಕರ್ ಕುಡೀತೀರಂತೆ."

ನಮ್ಮ ಕಸುಬಿನಲ್ಲಿ ಸೋಸಿದ ಚಹಾಕ್ಕೆ ಲಿಕ್ಕರ್ ಎಂದೇ ಹೆಸರು. ಮೇಡಂ ಹೇಳಿದಂತೆ ನನ್ನ ಕೆಲಸವನ್ನೆಲ್ಲ ಮಗಳಿಗೆ ವಿವರಿಸಿದ್ದೆನಲ್ಲ!

"ಅಯ್ಯೋ ಟೀಚರ್, ಅದು ಚಹಾ!"

"ಗೊತ್ತು ಸಾರ್," ಎಂದರು ಟೀಚರ್, ತುಂಬ ಕನಿಕರದಿಂದ. "ಮನೆಯಲ್ಲಿ ಮಕ್ಕಳಿಗೆ ಹಾಗೇ ಹೇಳಬೇಕಾಗುತ್ತೆ."

"ಇಲ್ಲ ಟೀಚರ್, ನಿಜವಾಗಿಯೂ ಚಹಾ. ಅದನ್ನು ನಾನು ಕುಡಿಯೋದೂ ಇಲ್ಲ, ಉಗೀತೀನಿ."

"ಅದೂ ಹೇಳಿದಳು. ಐವತ್ತು ಲೋಟ ಕುಡಿದು, ಆಮೇಲೆ ಉಗೀತೀರಿ ಅಂತ. ಒಳಗೆ ನಿಲ್ಲೋದಿಲ್ಲ ಪಾಪ." ಅವರು ತರಗತಿಯ ಬಾಗಿಲು ತೆರೆದು ತೋರಿಸಿದರು. ಹದಿನೈದು ಮಕ್ಕಳು ಸಾಲಾಗಿ ನಿಂತು, ನೀರಿನ ಬಾಟಲಿಯಿಂದ ಸೊರ್ ಎಂದು ಎಳೆದು ಬಕೆಟ್ಟಿಗೆ ಉಗಿಯುತ್ತಿದ್ದರು. ನನ್ನ ಮಗಳು ಸೊಂಟದ ಮೇಲೆ ಕೈಯಿಟ್ಟು, "ಸಪ್ಪೆ. ಸಪ್ಪೆ. ಆಗಬಹುದು," ಎಂದು ತೀರ್ಪು ಕೊಡುತ್ತಿದ್ದಳು.

ಟೀಚರ್ ಮಡಿಸಿದ ಒಂದು ಕಾಗದವನ್ನು ನನ್ನ ಜೇಬಿಗೆ ಸೇರಿಸಿದರು. ಕುಡಿತ ಬಿಡಿಸುವ ಶಿಬಿರದ ವಿಳಾಸ. "ನಮ್ಮ ಅಣ್ಣನೂ ಅಲ್ಲಿಗೇ ಹೋಗಿದ್ದು," ಎಂದರು. "ಈಗ ಬರೀ ಚಹಾ."

ಭಾಷಣ

ಊಟಿಯಲ್ಲಿ ಮೇಡಂ ಒಂದು ಸಭೆ ಇಟ್ಟುಕೊಂಡರು. ಮಕ್ಕಳಿಗೆ ಮಾತು ತಡವಾದ ತಂದೆತಾಯಿಯರ ಸಭೆ. "ನೀವು ಐದು ನಿಮಿಷ ಮಾತಾಡಬೇಕು ಸಾರ್," ಎಂದರು. ನಾನು ಆಗುವುದಿಲ್ಲ ಎಂದೆ. ಗಂಟಲು ನೋವು ಎಂದೆ. ಫ್ಯಾಕ್ಟರಿಯಲ್ಲಿ ರಜೆ ಇಲ್ಲ ಎಂದೆ.

ಹೆಂಡತಿ ಎಲ್ಲವನ್ನೂ ಕೇಳಿ ಮುಗಿಸಿ ಹೇಳಿದಳು: "'ಬರುತ್ತೆ, ಬರುತ್ತೆ' ಅಂತ ನಾವು ಆರು ತಿಂಗಳು ಕಳೆದ್ವಿ. ಆ ಆರು ತಿಂಗಳು ನಾನು ಹೇಗಿದ್ದೆ ಅಂತ ನಿಮಗೆ ಗೊತ್ತಿಲ್ಲ. ಅಲ್ಲಿಗೆ ಬರೋ ಒಬ್ಬ ತಾಯಿಗಾದರೂ ಅದು ತಪ್ಪಲಿ. ಹೋಗಿ ಮಾತಾಡಿ."

ಎರಡು ಹಾಳೆ ಬರೆದೆ. ಒಂದು ವಾರ ಟೀ ಗಿಡಗಳ ಮುಂದೆ ನಿಂತು ಬಾಯಿಪಾಠ ಮಾಡಿದೆ.

ಸಭೆಯ ದಿನ ಮೈಕಿನ ಮುಂದೆ ನಿಂತೆ. ಮೊದಲ ಸಾಲಿನಲ್ಲಿ ಒಬ್ಬ ತಾಯಿ ಎರಡು ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನನ್ನನ್ನೇ ನೋಡುತ್ತಿದ್ದಳು. ನಿದ್ದೆಗೆಟ್ಟ ಕಣ್ಣು. ನನ್ನ ಬಾಯಿಂದ ಏನಾದರೂ ಒಂದು ಒಳ್ಳೆಯ ಮಾತು ಬೀಳಲಿ ಎಂದು ಕಾಯುತ್ತಿದ್ದಳು. ಆ ಮುಖ ನನ್ನ ಹೆಂಡತಿಯ ಮುಖದ ಹಾಗೇ ಇತ್ತು. ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿ ಹೋಯಿತೋ.

"ನಾನು..." ಎಂದೆ. ಮೈಕು ಕುಂಯ್ ಎಂದಿತು. "ನನ್ನ..." ಎಂದೆ. ಹಾಳೆ ನೋಡಿದೆ, ಅಕ್ಷರ ಕಾಣಲಿಲ್ಲ. ಯಾರೋ ಕೆಮ್ಮಿದರು. ಮಾತಿನ ಮಹಿಮೆ ಹೇಳಲು ಬಂದವನು ಅಷ್ಟು ಜನರ ಮುಂದೆ ಬಾಯಿ ತೆರೆದುಕೊಂಡು, ಮಾತಿಲ್ಲದೆ ನಿಂತಿದ್ದೆ.

ಆಗ ನಾಲ್ಕು ವರ್ಷದ ನನ್ನ ಮಗಳು, ಅವ್ವೆ ಎಂದು ಅವಳು ಕರೆಯುವ ನನ್ನ ಹೆಂಡತಿಯ ತೊಡೆಯಿಂದ ಜಾರಿ, ಯಾರನ್ನೂ ಕೇಳದೆ ವೇದಿಕೆ ಹತ್ತಿ ಬಂದು ನನ್ನ ಪಕ್ಕ ನಿಂತಳು. ಮೇಡಂ ನಗುತ್ತಾ ಮೈಕನ್ನು ಅವಳ ಎತ್ತರಕ್ಕೆ ಇಳಿಸಿದರು.

"ಎಲ್ಲರಿಗೂ ವಣಕ್ಕಂ," ಎಂದಳು ಮಗಳು. "ಇದು ನಮ್ಮ ಅಪ್ಪ. ಅಪ್ಪನಿಗೆ ಮಾತು ಬರಲ್ಲ."

ಮೈಕನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು.

"ಅದಕ್ಕೇ ನಾನೂ ಅವ್ವೆನೂ ಪ್ರತಿ ಶನಿವಾರ ಅಪ್ಪನ್ನ ಈ ಆಂಟಿ ಹತ್ತಿರ ಕರ್ಕೊಂಡು ಹೋಗ್ತೀವಿ. ಹೇಗೆ ಮಾತಾಡಬೇಕು ಅಂತ ಆಂಟಿ ಅಪ್ಪನಿಗೆ ಹೇಳಿಕೊಡ್ತಾರೆ. ತಪ್ಪು ಮಾಡಿದ್ರೆ ಬೈತಾರೆ. ಅಲ್ಲಿವರೆಗೂ ನಾನು ಅಲ್ಲೇ ಆಟ ಆಡ್ಕೊಂಡು ಇರ್ತೀನಿ."

ಒಂದೂವರೆ ವರ್ಷ ಅವಳನ್ನು ಕರೆದುಕೊಂಡು ಹೋಗಿದ್ದೇನೆ ಎಂದು ನಾನು ತಿಳಿದಿದ್ದೆ. ಅವಳು ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳಂತೆ. ನೆಲ ಬಿರಿದು ಒಳಗೆ ಎಳೆದುಕೊಂಡಿದ್ದರೆ ಸಂತೋಷದಿಂದ ಹೋಗುತ್ತಿದ್ದೆ. ಮೇಡಂ ಸ್ವೆಟರಿನಲ್ಲಿ ಮುಖ ಮುಚ್ಚಿಕೊಂಡರು. ಮೊದಲ ಸಾಲಿನ ಆ ತಾಯಿ ಮೊದಲು ತುಟಿ ಕಚ್ಚಿದಳು, ಆಮೇಲೆ ತಡೆಯಲಾಗದೆ ನಕ್ಕುಬಿಟ್ಟಳು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. ಅವಳ ಹಿಂದೆ ಇಡೀ ಸಭೆ ನಕ್ಕಿತು.

ಕೊನೆಯ ಸಾಲಿನಲ್ಲಿ ಕಿವಿ ಮಂದವಾದ ಅಜ್ಜನೊಬ್ಬರು ಮಾತ್ರ ನಗಲಿಲ್ಲ. ಎದ್ದು ನಿಂತು, ನಿಜವಾದ ಕಾಳಜಿಯಿಂದ, "ಈಗ ಹೇಗಿದೆಯಮ್ಮಾ? ಗುಣ ಕಾಣ್ತಾ ಇದೆಯಾ?" ಎಂದು ಕೇಳಿದರು.

ಮಗಳು ನನ್ನ ಕೈ ಹಿಡಿದುಕೊಂಡು, ತಲೆಯೆತ್ತಿ ನನ್ನನ್ನು ಒಮ್ಮೆ ಚೆನ್ನಾಗಿ ನೋಡಿದಳು.

"ಪರವಾಗಿಲ್ಲ ತಾತ," ಎಂದಳು. "ಈಗ ನಾವು ಹೇಳಿದ್ದೆಲ್ಲ ಅರ್ಥ ಆಗುತ್ತೆ."